ಸುಟ್ಟ ಮನೆ, ಕೆಡಹುವ ಶಾಲೆ

(ಮಂಗಳೂರಿನ ಕನ್ನಡ ಮಾಧ್ಯಮ ಹೈಸ್ಕೂಲೊಂದರ ಹಳೆ ವಿದ್ಯಾರ್ಥಿಗಳ ಗುಂಪಿನಿಂದ. ಶುಭೋದಯದ ಗುಲಾಬಿಗಳನ್ನು ತೆಗೆದು ಉಳಿದದ್ದು.)

ಗಣೇಶ: ನಾಲ್ಕು ಫೋಟೋ ಹಾಕಿದ್ದೇನೆ. ಮಗಳ ಮನೆಯಿಂದ ಇವತ್ತು ಬ್ಲೆನರ್‌ಹ್ಯಾಸೆಟ್ ದ್ವೀಪಕ್ಕೆ ಬಂದೆವು. ಅಮೆರಿಕದ ಓಹಯೋ ನದಿಯ ನಡುವಿನ ಕುದ್ರು. ಪಾರ್ಕರ್ಸ್‌ಬರ್ಗಿನಿಂದ, ಹಿಂಬದಿಯಲ್ಲಿ ದೊಡ್ಡ ಚಕ್ರ ತಿರುಗುವ ಬೋಟಿನಲ್ಲಿ ಹೋಗುದು. ಬಿಳಿ ಬಂಗ್ಲೆ ನೋಡಿ, 1800ರದ್ದು! ಹೇಗೆ ಕಾಪಾಡಿದ್ದಾರೆ. ನಮ್ಮವರಿಗೆ ಬುದ್ಧಿ ಬರುದಿಲ್ಲ.

ರೋಹಿಣಿ: ಎಂತದ್ದು 1800 ಮಾರಾಯ? ಆ ಮನೆ 1811ರಲ್ಲೇ ಬೆಂಕಿಗೆ ಹೋಗಿದೆ. 1973ರಲ್ಲಿ ನೆಲ ಅಗೆದು ಪಂಚಾಂಗ, ಅಂದರೆ ಅಡಿಪಾಯ, ಪತ್ತೆ ಮಾಡಿದರು. ಕಟ್ಟಲು ಸುರು ಮಾಡಿದ್ದು 1984ರಲ್ಲಿ. ನೀನು ಫೋಟೋ ಹೊಡೆದ ಮನೆಗೆ ನಮ್ಮಷ್ಟು ಕೂಡ ಪ್ರಾಯ ಆಗಿಲ್ಲ.

ವಿನ್ಸೆಂಟ್: ಗಣೇಶ ಬೌಲ್ಡ್.

ಗಣೇಶ: ಅದೇ ಜಾಗ, ಅದೇ ಪಂಚಾಂಗ, ಅದೇ ಆಕಾರ. ಮತ್ತೆಂತ ಬೇಕು ನಿನಗೆ?

ರೋಹಿಣಿ: ಮನೆ!

ಅಶ್ರಫ್: ಯಾರದ್ದು ಮಾರ್ರೆ ಅದು? ಕಥೆ ಹೇಳಿ ಆಮೇಲೆ ಹೊಡೆದಾಡಿ.

ರೋಹಿಣಿ: ಹಾರ್ಮನ್ ಬ್ಲೆನರ್‌ಹ್ಯಾಸೆಟ್, ಐರ್ಲೆಂಡಿನ ಕೆರಿ ಕಡೆಯ ಜಮೀನ್ದಾರಿ ಕುಟುಂಬ. ಕಲಿತದ್ದು ಕಾನೂನು, ಮನಸ್ಸು ಪುಸ್ತಕ, ಸಂಗೀತ, ರಸಾಯನ ಪ್ರಯೋಗದಲ್ಲಿ. ಒಡಹುಟ್ಟಿದವಳ ಮಗಳು ಮಾರ್ಗರೆಟ್‌ಳನ್ನೇ ಮದುವೆಯಾದ. ಅಲ್ಲಿ ಅದು ದೊಡ್ಡ ಅಪವಾದ. 1796ರಲ್ಲಿ ಅಮೆರಿಕ ಸೇರಿ, ಈ ಕುದ್ರುವಿನ ಮೇಲ್ಭಾಗ ಕೊಂಡು ಅರಮನೆ ಹಾಗೆ ಕಟ್ಟಿಸಿದ. 1805ರಲ್ಲಿ ಏರನ್ ಬರ್ ಬಂದ. ಅಮೆರಿಕದ ಉಪಾಧ್ಯಕ್ಷನಾಗಿದ್ದಾಗಲೇ ದ್ವಂದ್ವಯುದ್ಧದಲ್ಲಿ ರಾಜಕೀಯ ಎದುರಾಳಿ ಹ್ಯಾಮಿಲ್ಟನ್‌ನನ್ನು ಕೊಂದವ. ಪಶ್ಚಿಮದಲ್ಲಿ ಹೊಸ ರಾಜ್ಯ ಕಟ್ಟುದೋ, ಮೆಕ್ಸಿಕೋ ಹಿಡಿಯುದೋ, ಅವನ ಹೊಟ್ಟೆಯೊಳಗೆ ಎಂತ ಇತ್ತೆಂದು ಇವತ್ತಿಗೂ ತಕರಾರು. ದುಡ್ಡು ಮಾತ್ರ ಹಾರ್ಮನ್‌ದು. 1806ರ ಡಿಸೆಂಬರಿನಲ್ಲಿ ಗುಟ್ಟು ಬಯಲಾಗಿ ಇವ ರಾತ್ರೋರಾತ್ರಿ ಹೊಳೆ ಹಿಡಿದು ಓಡಿದ. ವರ್ಜೀನಿಯಾದ ನಾಗರಿಕ ಸೇನೆ ಬಂದು ಅವನ ವೈನ್ ಕುಡಿದು ಮನೆ ಹಾಳು ಮಾಡಿತು.

ಅಶ್ರಫ್: ಒಡಹುಟ್ಟಿದವಳ ಮಗಳಾ? ಘಟ್ಟದ ಮೇಲೆ ಇದಕ್ಕೆ ಚಪ್ಪರ ಹಾಕಿ ಊಟ ಹಾಕ್ತಾರೆ.

ಸುಜಾತಾ: ನಮ್ಮದು ಅಳಿಯಸಂತಾನ. ಅಕ್ಕನ ಮಗಳೆಂದರೆ ಒಂದೇ ಬರಿ, ತಾಯಿ ಕಡೆಯ ಒಂದೇ ಕುಲ. ಆ ಮಾತು ತೆಗೆದರೆ ಅಜ್ಜಿ ಕತ್ತಿ ತರ್ತಿದ್ರು.

ಮಾಸ್ಟ್ರು: ಮದುವೆ ವಿಷಯ ಬಿಡಿ. 1807ರಲ್ಲಿ ರಿಚ್‌ಮಂಡಿನಲ್ಲಿ ಬರ್ ಮೇಲೆ ದೇಶದ್ರೋಹದ ವಿಚಾರಣೆ. ನ್ಯಾಯಾಧೀಶ ಜಾನ್ ಮಾರ್ಷಲ್. ಅವರ ಸಂವಿಧಾನದ ಪ್ರಕಾರ ಬಹಿರಂಗವಾದ ಒಂದು ಕೃತ್ಯಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಕೃತ್ಯ ನಡೆಯಿತೆಂದದ್ದು ಈ ಕುದ್ರುವಿನಲ್ಲಿ. ಆ ರಾತ್ರಿ ಬರ್ ಅಲ್ಲಿ ಇರಲೇ ಇಲ್ಲ. ಬಿಡುಗಡೆಯಾಯಿತು. ಜಾಗಕ್ಕೆ ಬೆಲೆ ಬಂದದ್ದು ಇದರಿಂದ, ಬಿಳಿ ಬಣ್ಣದಿಂದಲ್ಲ. ಗಣೇಶ, ನಿನಗೆ ಆಗ ಮಾರ್ಕು ಜಾಸ್ತಿ ಕೊಟ್ಟಿದ್ದೇನೆ ಕಾಣ್ತದೆ.

ಗಣೇಶ: ನಮಸ್ಕಾರ ಸರ್. ನೀವೇ ಹೇಳಿದಿರಲ್ಲ, ಜಾಗ ಮುಖ್ಯ ಅಂತ.

ಅಶ್ರಫ್: ಆ ಕುಟುಂಬ ಎಲ್ಲಿ ಹೋಯ್ತು?

ರೋಹಿಣಿ: ಮಿಸಿಸಿಪ್ಪಿಯಲ್ಲಿ ಹತ್ತಿ ಬೆಳೆದು ಸೋತರು. ಅವ 1831ರಲ್ಲಿ ಗರ್ನ್ಸಿ ದ್ವೀಪದಲ್ಲಿ ಸತ್ತ. ಅವಳು 1842ರಲ್ಲಿ ನ್ಯೂಯಾರ್ಕಿನಲ್ಲಿ, ಸರ್ಕಾರದ ಹತ್ತಿರ ಪರಿಹಾರ ಕೇಳುತ್ತಾ ಇದ್ದಾಗಲೇ. ಇನ್ನೊಂದು ಉಂಟು: ಅವರು ಗುಲಾಮರನ್ನು ಇಟ್ಟುಕೊಂಡಿದ್ದರು. ಕುದ್ರು ಆಗ ವರ್ಜೀನಿಯಾಕ್ಕೆ ಸೇರಿದ್ದು, ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಎದುರು ದಡ ಓಹಯೋ ರಾಜ್ಯ, ಅಲ್ಲಿ 1787ರ ಶಾಸನದಿಂದಲೇ ನಿಷೇಧ. ಗುಲಾಮರ ವಾಸದ ಜಾಗದ ಫೋಟೋ ಇಲ್ವಾ ಗಣೇಶಾ?

ಗಣೇಶ: ನಾನು ಮೊಮ್ಮಗನನ್ನು ಕುದುರೆ ಗಾಡಿಗೆ ಹತ್ತಿಸ್ತಾ ಇದ್ದೆ.

ವಿನ್ಸೆಂಟ್: ಹಳೆ ಮನೆ ಬಿಚ್ಚುದೇ ನನ್ನ ಕಸುಬು, ಹಾಗೆ ಕೇಳ್ತೇನೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆ ಮನೆಗಳನ್ನು ಕಳಚಿ ತಂದು ಜೋಡಿಸಿದರಲ್ಲ, ಅಲ್ಲಿ ಮರ ಅದೇ, ಜಾಗ ಬೇರೆ. ಇಲ್ಲಿ ಜಾಗ ಅದೇ, ಮರ ಬೇರೆ. ಯಾವುದು ಹಳೆ ಮನೆ?

ರೋಹಿಣಿ: ಮಣಿಪಾಲದ್ದು. ಮರದ ಮುಚ್ಚಿಗೆ ಮುಟ್ಟಿದರೆ ಆಚಾರಿ ಕೈಕೆಲಸ ಸಿಗ್ತದೆ.

ಗಣೇಶ: ಆದರೆ ಅದರ ಗದ್ದೆ, ತೋಟ ಎಲ್ಲಿ? ಇಲ್ಲಿ ಕಿಟಕಿಯಲ್ಲಿ ನಿಂತರೆ ಮಾರ್ಗರೆಟ್ ಕಂಡ ಅದೇ ಹೊಳೆ.

ರೋಹಿಣಿ: ಅದೇ ಕುದ್ರುವಿನ ಮೇಲೆ 2008ರಿಂದ ಹೆದ್ದಾರಿ ಸೇತುವೆಯೂ ಉಂಟು. ಅದನ್ನು ಫೋಟೋದಿಂದ ಕತ್ತರಿಸಿದ್ದೀ ಅಲ್ವಾ?

ಸುಜಾತಾ: ಅವರ ಕುದ್ರು ಇದೆಯಲ್ಲ, ಅದು ದೊಡ್ಡದು. ನೇತ್ರಾವತಿಯ ಪಾವೂರು ಉಳಿಯ ಕುದ್ರು ಮರಳು ತೆಗೆದೂ ತೆಗೆದೂ ಕರಗ್ತಾ ಉಂಟು. ಮನೆ ಹಳೆಯದಾ ಹೊಸದಾ ಎಂದು ಕೇಳ್ಲಿಕ್ಕೆ ಮೊದಲು ನೆಲ ಬೇಕು.

ಗಣೇಶ: ರೋಹಿಣಿಗೆ ಒಟ್ಟಾರೆ ಹೊಸತು ಕಟ್ಟುದೇ ಆಗುದಿಲ್ಲ.

ರೋಹಿಣಿ: ಸುಟ್ಟ ಮೇಲೆ, ಅಗೆದು, ಅಳೆದು ಕಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ನೀನು ಮಾತ್ರ ನಮ್ಮ ಶಾಲೆಯ ಹಂಚಿನ ಕಟ್ಟಡ ಕೆಡಹಿ, ಅದೇ ಆಕಾರದಲ್ಲಿ ಕಾಂಕ್ರೀಟು ಹಾಕ್ಲಿಕ್ಕೆ ಈ ಗುಂಪಿನಲ್ಲಿ ದುಡ್ಡು ಎತ್ತುತ್ತಿದ್ದೀ. ಸುಟ್ಟದ್ದನ್ನು ಕಟ್ಟುದು ಬೇರೆ, ಕಟ್ಟುವ ಆಸೆಗೆ ಇದ್ದದ್ದನ್ನು ಕೆಡಹುದು ಬೇರೆ.

ಗಣೇಶ: ಮಾಡು ಸೋರ್ತದೆ. ಮಕ್ಕಳ ತಲೆ ಮೇಲೆ ಹಂಚು ಬಿದ್ದರೆ ನೀನು ಬರ್ತೀಯಾ?

ವಿನ್ಸೆಂಟ್: ಮಾಡಿನ ಮರ, ಪಕ್ಕಾಸು, ರೀಪು ಹಾಳಾಗಿದೆ ನಿಜ. ಮುರಕಲ್ಲಿನ ಗೋಡೆ ಗಟ್ಟಿ ಉಂಟು, ನಾನು ಹತ್ತಿ ನೋಡಿದ್ದೇನೆ. ಮಾಡು ಬಿಚ್ಚಿ ಮರ ಬದಲಿಸಿದರೆ ಸಾಕು. ಹಂಚಿನಲ್ಲಿ ಮುಕ್ಕಾಲು ಪಾಲು ವಾಪಸು ಹಾಕಬಹುದು.

ಗಣೇಶ: ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?

ವಿನ್ಸೆಂಟ್: ನೀನು ಕೇಳಿದ್ದು ದುಡ್ಡು. ಅಭಿಪ್ರಾಯ ಯಾರ ಹತ್ತಿರ ಕೇಳಿದ್ದೀ?

ಮಾಸ್ಟ್ರು: ವಿನ್ಸೆಂಟ್, ಅಂದಾಜು ಪಟ್ಟಿ ಮಾಡು, ಆಡಳಿತದವರ ಹತ್ತಿರ ನಾನು ಬರ್ತೇನೆ. ಮಳೆಗಾಲಕ್ಕೆ ಮೊದಲು ಆಗಬೇಕು.

ಗಣೇಶ: ಬೋಟು ಹೊರಟಿತು, ಆಮೇಲೆ ಮಾತಾಡುವ.

ಅಶ್ರಫ್: ಹೋಗು. ಎತ್ತಿದ ದುಡ್ಡಿನ ಲೆಕ್ಕ ಗುಂಪಿಗೆ ಹಾಕಿ ಹೋಗು.