ಅಪ್‌ಡೇಟ್: ಬೆಂಗಳೂರಿನ ಹಳೇ ಬಡಾವಣೆ ಸುತ್ತಿ ಬಂದೆವು

ಹಾಸನದಿಂದ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋಗುತ್ತಿದ್ದೇವೆ, ಲಾಲ್‌ಬಾಗ್, ಮಾಲ್ ಬಿಟ್ಟು ಎಲ್ಲಿ ಸುತ್ತಬಹುದು ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕಾರು ಬೇಡ, ರೈಲಲ್ಲಿ ಬಂದು ಯಶವಂತಪುರದಲ್ಲಿ ಮೆಟ್ರೋ ಹಿಡಿಯಿರಿ ಅಂದವರ ಮಾತು ನಿಜಕ್ಕೂ ಕೈ ಹಿಡಿಯಿತು. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ. ಎಂಟನೇ ಕ್ರಾಸಿನ ಹೂವು ಹಣ್ಣಿನ ಸಾಲು ದಾಟಿ ಕಾಡು ಮಲ್ಲೇಶ್ವರನ ಗುಡಿಗೆ ಹೋದೆವು. ಎದುರಿಗಿನ ನಂದಿತೀರ್ಥ ಮಾತ್ರ ತಪ್ಪಿಸಬೇಡಿ. ಮೆಟ್ಟಿಲಿಳಿದರೆ ನಂದಿಯ ಬಾಯಿಂದ ನೀರು ಸಣ್ಣಗೆ ಲಿಂಗದ ಮೇಲೆ ಬೀಳುತ್ತಾ, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತಾ ಇರುತ್ತದೆ. 1997ರವರೆಗೆ ಇದು ಮಣ್ಣಲ್ಲಿ ಹೂತಿತ್ತಂತೆ! 1898ರ ಪ್ಲೇಗ್ ಆದಮೇಲೆ ಮಲ್ಲೇಶ್ವರ, ಬಸವನಗುಡಿ ಎರಡೂ ಬೆಳೆದವು ಅನ್ನೋದು ನನಗೆ ಹೊಸ ವಿಷಯ.

ಚಿಕ್ಕಪೇಟೆ ಸಲಹೆ ನಮಗೆ ಆಗಿಬರಲಿಲ್ಲ. ಅವತ್ತು ಭಾನುವಾರ, ಜಾಸ್ತಿ ಅಂಗಡಿ ಬಾಗಿಲು ಹಾಕಿದ್ದವು. ವಾರದ ದಿನ ಹೋಗಿ.

ಬಸವನಗುಡಿಗೆ ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ. ಗಾಂಧಿ ಬಜಾರ್ ನಡೆದೇ ನೋಡಬೇಕು. ದೊಡ್ಡ ಬಸವನನ್ನು ಒಂದೇ ಬಂಡೆಯಲ್ಲಿ ಕಡೆದಿದ್ದಾರೆ. ಬೇಲೂರಿನ ಕೆತ್ತನೆ ನೋಡುತ್ತಲೇ ಬೆಳೆದ ಅಪ್ಪ ಕೂಡ ಅದರ ಸುತ್ತ ಮತ್ತೆ ಮತ್ತೆ ಬಂದರು. ಕಾರ್ತಿಕ ಮಾಸದ ಕೊನೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಆಗುವವರು ಆ ಹೊತ್ತಿಗೇ ಟಿಕೆಟ್ ಮಾಡಿಸಿ.