ತುರ್ತಾಗಿ ಪದ ಬೇಕು: ಐಸ್ಲೆಂಡಿನ ‘ಗ್ಲುಗ್ಗವೇದುರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಾಳೆ ಮಧ್ಯಾಹ್ನದೊಳಗೆ ಒಂದು ಪದ ಬೇಕು. ಗೆಳತಿಯೊಬ್ಬಳು ಐಸ್ಲೆಂಡಿನ ರಾಜಧಾನಿ ರೇಕ್ಯವಿಕ್‌ನಲ್ಲಿ ತೆಗೆದ ಫೋಟೊಗಳ ಪ್ರದರ್ಶನ ಇಡುತ್ತಿದ್ದಾಳೆ. ಪ್ರತಿ ಫೋಟೊದ ಕೆಳಗೆ ಒಂದು ಐಸ್ಲೆಂಡಿಕ್ ಪದ, ಅದರ ಕೆಳಗೆ ಕನ್ನಡ. ಎರಡು ಪದಕ್ಕಿಂತ ಜಾಸ್ತಿ ಹಿಡಿಸಲ್ಲ ಅಂತ ಬೋರ್ಡು ಬರೆಯುವವರು ಮೊದಲೇ ಹೇಳಿಬಿಟ್ಟಿದ್ದಾರೆ.

ಗ್ಲುಗ್ಗಿ ಅಂದರೆ ಕಿಟಕಿ, ವೇದುರ್ ಅಂದರೆ ಹವೆ. ಒಳಗೆ ಕೂತು ನೋಡೋಕೆ ಚಂದ, ಹೊರಗೆ ಕಾಲಿಟ್ಟರೆ ಗೊತ್ತಾಗುತ್ತೆ, ಅಂಥ ಹವೆ. ಫೋಟೊದಲ್ಲಿ ಕಿಟಕಿ ಕಟ್ಟೆ ಮೇಲೆ ಕಾಫಿ ಲೋಟ. ಗಾಜಿನಾಚೆ ಝಗಝಗ ಬಿಸಿಲು, ಕೊಲ್ಲಿಯ ಆ ಕಡೆ ನೆತ್ತಿ ಮೇಲೆ ಹಿಮ ಹೊತ್ತ ಎಸ್ಯ ಬೆಟ್ಟ. ಇಷ್ಟೇ ನೋಡಿದರೆ ಈಗಲೇ ಚಪ್ಪಲಿ ಮೆಟ್ಟಿ ಹೊರಡೋಣ ಅನ್ನಿಸುತ್ತೆ. ಆದರೆ ಮೂಲೆಯಲ್ಲಿ ಒಬ್ಬಾತ ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಾನೆ. ಬಿಟ್ಟರೆ ಗಾಳಿ ಕಿತ್ತುಕೊಂಡು ಹೋಗುತ್ತೆ.

ನನಗೆ ಹೊಳೆದದ್ದು ‘ಕಿಟಕಿ ಹವಾಮಾನ’. ಸಪ್ಪೆ, ಅಲ್ವಾ?

— ಬೆಂಗಳೂರಿನಿಂದ

*

ಸಪ್ಪೆ ಮಾತ್ರ ಅಲ್ಲ, ತಪ್ಪು. ಕಿಟಕಿ ಉತ್ತರದ ಕಡೆಯಿಂದ ಬಂದದ್ದು. ಹವಾ ಅರಬ್ಬಿ, ಮಾನ ಸಂಸ್ಕೃತ. ಮೂರು ತುಂಡಿನಲ್ಲಿ ಒಂದೂ ನಮ್ಮದಲ್ಲ. ಐಸ್ಲೆಂಡಿನವರನ್ನು ನೋಡಿ ಕಲಿಯಿರಿ. ಕಂಪ್ಯೂಟರ್ ಬಂತು, ‘ಎಣಿಕೆ’ಗೂ ‘ಕಣಿ ಹೇಳುವವಳು’ ಅನ್ನೋದಕ್ಕೂ ಗಂಟು ಹಾಕಿ ‘ಟೊಲ್ವ’ ಮಾಡಿಕೊಂಡರು. ಫೋನ್ ಬಂತು, ದಾರ ಅನ್ನುವ ಅರ್ಥದ ಹಳೇ ಪದವನ್ನು ಹುಡುಕಿ ತಂದು ‘ಸೀಮಿ’ ಅಂದರು. ನಾವು ಕಂಪ್ಯೂಟರಿಗೆ ‘ಉ’ ಹಚ್ಚಿ ಕೈ ತೊಳೆದುಕೊಂಡೆವು.

ಕಿಂಡಿ ಇದೆ, ಗಾಳಿ ಇದೆ. ‘ಕಿಂಡಿಗಾಳಿ’ ಅನ್ನಿ. ಮುಗಿಯಿತು.

— ಮೈಸೂರಿನಿಂದ

*

ಮುಗಿದಿಲ್ಲ ಸಾರ್. ಕಿಂಡಿಗಾಳಿ ಅಂದರೆ ಕಿಂಡಿಯಿಂದ ಒಳಗೆ ನುಗ್ಗುವ ಗಾಳಿ. ಫೋಟೊ ತೆಗೆದವರು ಬೆಚ್ಚಗೆ ಒಳಗಿದ್ದಾರೆ, ಇಡೀ ಪದದ ಸುಖವೇ ಅದು. ಮತ್ತೆ ನಮ್ಮೂರಲ್ಲಿ ಕಿಂಡಿ ಅಂದರೆ ಕನಕನ ಕಿಂಡಿ ನೆನಪಾಗುತ್ತದೆ, ರೇಕ್ಯವಿಕ್ ಅಲ್ಲ.

— ಉಡುಪಿಯಿಂದ

*

ಎಲ್ಲರೂ ಬುಡ ಮರೆತಿದ್ದೀರಿ. ವೇದುರ್, ಇಂಗ್ಲಿಷಿನ ವೆದರ್, ನಮ್ಮ ವಾಯು, ವಾತ ಎಲ್ಲ ‘ಬೀಸು’ ಅನ್ನುವ ಒಂದೇ ಬೇರಿನವು. ಇನ್ನೊಂದು ಮಜಾ ನೋಡಿ. ಇಂಗ್ಲಿಷಿನ ವಿಂಡೋ ಬಂದದ್ದು ಐಸ್ಲೆಂಡಿಕ್‌ನ ತಾಯಿನುಡಿಯಾದ ಹಳೆಯ ನಾರ್ಸ್‌ನ ‘ವಿಂಡ್‌ಔಗ’ದಿಂದ, ಅಂದರೆ ಗಾಳಿಯ ಕಣ್ಣು. ನಮ್ಮ ಗವಾಕ್ಷ ಹಸುವಿನ ಕಣ್ಣು. ಅಲ್ಲೂ ಕಣ್ಣು, ಇಲ್ಲೂ ಕಣ್ಣು. ಹಾಗಾಗಿ ‘ಗವಾಕ್ಷವಾತ’. ಅರಿಸಮಾಸದ ಕಾಟವೂ ಇಲ್ಲ.

— ಶಿವಮೊಗ್ಗದಿಂದ

*

ಗವಾಕ್ಷವಾತ ಅಂತ ಬೋರ್ಡ್ ಹಾಕಿದ್ರ ಮಂದಿ ಮೊಣಕಾಲಿಗೆ ಎಣ್ಣಿ ಕೇಳ್ಕೋತ ಬರ್ತಾರ್ರೀ. ‘ಥಂಡಿ ಬಿಸಿಲು’ ಅನ್ರಿ, ಸಾಕು.

— ಧಾರವಾಡದಿಂದ

*

ರೇಕ್ಯವಿಕ್‌ನಲ್ಲಿ ಎರಡು ಚಳಿಗಾಲ ಕಳೆದವಳು ನಾನು. ಒಂದು ಮಾತು ಸೇರಿಸುತ್ತೇನೆ. ಬಿಸಿಲಿಗೆ ಕಟ್ಟಿಹಾಕಬೇಡಿ. ಬಿಸಿಲಿದ್ದು ಗಾಳಿ ಕೊರೆಯುವ ದಿನಕ್ಕೇ ಜಾಸ್ತಿ ಹೇಳುತ್ತಾರೆ, ನಿಜ. ಆದರೆ ಹಿಮ ಸುರಿಯುವುದನ್ನು ಹೀಟರ್ ಪಕ್ಕ ಕೂತು ನೋಡುವಾಗಲೂ ಅದೇ ಪದ. ಅಲ್ಲಿ ನಂಬಬಾರದ್ದು ಅಂದರೆ ಬಿಸಿಲನ್ನೇ. ಏಪ್ರಿಲ್ 18 ಕಳೆದು ಬರುವ ಮೊದಲ ಗುರುವಾರ ‘ಬೇಸಿಗೆಯ ಮೊದಲ ದಿನ’ ಅಂತ ಊರಿಗೆಲ್ಲ ರಜೆ. ನಾನು ಆವತ್ತು ಹತ್ತಿ ಕುರ್ತಾ ಹಾಕಿ ಹೊರಟು, ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಕಿವಿ ಮರಗಟ್ಟಿ ವಾಪಸ್ ಬಂದಿದ್ದೆ. ಮನೆಯೊಡತಿ ಕಿಟಕಿ ಕಡೆ ಕೈ ತೋರಿಸಿ ‘ಗ್ಲುಗ್ಗವೇದುರ್’ ಅಂದರು, ಅಷ್ಟೇ.

ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿದ್ದ ಹಾಗೆ ಅಲ್ಲಿ ಗಾಳಿಯ ಪ್ರತಿ ಮೆಟ್ಟಿಲಿಗೂ ಹೆಸರಿದೆ. ಎಲೆ ಅಲ್ಲಾಡದಿದ್ದರೆ ‘ಲೊಗ್ನ್’, ಮೆಲ್ಲಗೆ ಬೀಸಿದರೆ ‘ಗೋಲ’, ಮರ ಬೀಳಿಸುವಂಥದ್ದು ‘ರೋಕ್’. ಹವೆಗೆ ‘ಹನ್’ ಅಂತಲೂ ಅನ್ನುತ್ತಾರೆ, ಅಂದರೆ ಅವನು. ‘ಅವನು ಬೀಸೋಕೆ ಶುರು ಮಾಡಿದ’ ಅಂತ. ನಮ್ಮ ಮಳೆರಾಯನ ಹಾಗೆ, ರಾಯ ಮಾತ್ರ ಇಲ್ಲ.

ಮೈಸೂರಿನವರಿಗೆ: ಅಲ್ಲಿ ಒಳ್ಳೇ ಬೆಚ್ಚಗಿನ ದಿನಕ್ಕೆ ‘ಬೊಂಗೋಬ್ಲೀದ’ ಅನ್ನುತ್ತಾರೆ. ಬೊಂಗೋ ಅನ್ನುವ ಡೋಲು ಯಾವ ಐಸ್ಲೆಂಡಿನ ಮಣ್ಣಿನದ್ದು, ಹೇಳಿ?

— ಸದ್ಯ ಮಂಗಳೂರಿನಿಂದ

*

ಬೀದಿ ಮಾತು ಬೇರೆ, ಕಟ್ಟಿದ ಪದ ಬೇರೆ. ಅಲ್ಲಿ ಪದ ಕಟ್ಟುವುದಕ್ಕೆ 1964ರಿಂದ ಭಾಷಾ ಸಮಿತಿಯೇ ಇದೆ. ಇಲ್ಲಿ ಏನಿದೆ?

— ಮೈಸೂರಿನಿಂದ

*

ಇಲ್ಲಿ ನಮ್ಮ ಈ ಗುಂಪು ಇದೆ ಸಾರ್, ಕೆಲಸಕ್ಕೆ ಬಾರದ್ದು.

ಸಮಾಸ ಯಾಕೆ ಬೇಕು ಅಂತ ಯಾರಾದರೂ ಕೇಳಿದಿರಾ? ಕನ್ನಡದಲ್ಲಿ ಕಿಟಕಿಗೆ ಏನೇ ಅಂಟಿಸಿ, ಅದು ಕಿಟಕಿಯಿಂದ ಒಳಗೆ ಬಂದುಬಿಡುತ್ತದೆ. ಕಿಟಕಿಬಿಸಿಲು ಅಂದರೆ ನೆಲದ ಮೇಲೆ ಬಿದ್ದ ಬಿಸಿಲು. ಕಿಟಕಿಮಳೆ ಅಂದರೆ ಹಾಸಿಗೆ ಒದ್ದೆ. ವಿಭಕ್ತಿ ಇರುವ ಭಾಷೆ ನಮ್ಮದು, ಬಳಸಿ. ‘ಕಿಟಕಿಗಷ್ಟೇ ಚಂದ’. ಬಿಸಿಲಿಗೂ ಆಯಿತು, ಹಿಮಕ್ಕೂ ಆಯಿತು. ನಮ್ಮ ಕಡೆ ಆಷಾಢದ ಮಳೆಗೂ ಆಗುತ್ತದೆ: ಜಗಲಿಯಲ್ಲಿ ಕೂತು ಸುಟ್ಟ ಹಪ್ಪಳ ತಿನ್ನುವವನಿಗೆ ಚಂದ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವನಿಗೆ ಅಲ್ಲ.

— ಶಿರಸಿಯಿಂದ

*

ಅದು ಪದವಲ್ಲ, ವಾಕ್ಯ. ಅವರದ್ದು ನಾಮಪದ. ‘ಇವತ್ತು ಕಿಟಕಿಗಷ್ಟೇ ಚಂದ ಇದೆ’ ಅಂತ ಯಾರು ಮಾತಾಡುತ್ತಾರೆ? ಅಂದ ಹಾಗೆ ಚಂದವೋ, ಚೆಂದವೋ?

— ಶಿವಮೊಗ್ಗದಿಂದ

*

ನಾನ್ ಮಾತಾಡ್ತೀನ್ರೀ.

— ಧಾರವಾಡದಿಂದ

*

ಎಲ್ಲರಿಗೂ ಥ್ಯಾಂಕ್ಸ್. ‘ಕಿಟಕಿಗಷ್ಟೇ ಚಂದ’ ಬೋರ್ಡಿಗೆ ಹೋಯಿತು, ಶಿರಸಿಯವರು ಬರೆದ ಹಾಗೆ ‘ಚ’ ಇಟ್ಟಿದ್ದೇನೆ. ಮೈಸೂರಿನ ಸಾರ್, ಕಿಟಕಿ ಉಳಿಯಿತು, ಬೇಜಾರು ಮಾಡ್ಕೋಬೇಡಿ. ಹವಾಮಾನ ತೆಗೆದಿದ್ದೇನಲ್ಲ.

ಇನ್ನೊಂದು ಬಾಕಿ ಇದೆ, ಸಂಜೆಯೊಳಗೆ ಬೇಕು. ‘ಹುಂಡ್ಸ್‌ಲಪ್ಪದ್ರೀವ’. ಗಾಳಿಯಿಲ್ಲದ ಹೊತ್ತಲ್ಲಿ ದೊಡ್ಡ ದೊಡ್ಡ ಚಕ್ಕೆಯಾಗಿ ಮೆಲ್ಲಗೆ ಇಳಿಯುವ ಹಿಮ. ಪದದೊಳಗೆ ನಾಯಿಯ ಪಂಜ ಇದೆ, ಒಂದೊಂದು ಚಕ್ಕೆಯೂ ಅಷ್ಟಗಲ ಅಂತ. ‘ನಾಯಿಪಂಜ’ ಅಂತ ಬರೆದರೆ ಫೋಟೊದಲ್ಲಿ ನಾಯಿ ಎಲ್ಲಿ ಅಂತ ಕೇಳುತ್ತಾರೆ. ಏನು ಮಾಡಲಿ?

— ಬೆಂಗಳೂರಿನಿಂದ