ಕಫದ ಟೆಸ್ಟ್ ಎರಡು ಸಲ ನೆಗೆಟಿವ್, ಆದ್ರೂ ಟ್ರೂನ್ಯಾಟ್ ಮಾಡ್ಸಿ ಅಂತಿದಾರೆ, ಯಾಕೆ?

ದುರ್ಗದ_ಮಗಳು:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 61 ವರ್ಷ, ಒಂದು ತಿಂಗ್ಳಿಂದ ಕೆಮ್ಮು, ಸಂಜೆ ಆಯ್ತು ಅಂದ್ರೆ ಮೈ ಬೆಚ್ಚಗಾಗುತ್ತೆ, ಪ್ಯಾಂಟು ಸೊಂಟದಲ್ಲಿ ನಿಲ್ತಿಲ್ಲ ಅಷ್ಟು ಇಳಿದುಹೋಗಿದಾರೆ. ಎರಡು ಸಲ ಕಫ ಟೆಸ್ಟಿಗೆ ಕೊಟ್ವಿ, ಎರಡೂ ಸಲ ನೆಗೆಟಿವ್ ಬಂತು, ಸದ್ಯ ಟಿಬಿ ಅಲ್ವಲ್ಲ ಅಂತ ದೇವ್ರಿಗೆ ಕೈ ಮುಗಿದ್ವಿ. ಈಗ ಎಕ್ಸ್‌ರೇ ನೋಡಿದ ಡಾಕ್ಟ್ರು ತಾಲ್ಲೂಕು ಆಸ್ಪತ್ರೆಗೆ ಹೋಗಿ ಟ್ರೂನ್ಯಾಟ್ ಮಾಡ್ಸಿ, ಒಂದೆರಡು ಗಂಟೇಲಿ ಬರುತ್ತೆ ಅಂತಿದಾರೆ. ಎರಡು ಸಲ ಇಲ್ಲ ಅಂದಿದ್ದು ಮೂರನೇ ಸಲ ಹೆಂಗೆ ಇದೆ ಅನ್ನುತ್ತೆ? ಅಷ್ಟು ಬೇಗ ಬರೋ ರಿಪೋರ್ಟ್ ನಂಬಬಹುದಾ? ರಾತ್ರಿ ನಿದ್ದೆ ಬರ್ತಿಲ್ಲ, ಗೊತ್ತಿರೋರು ಹೇಳಿ.

ಲ್ಯಾಬ್‌ಕೋಟು:
ಮೇಡಂ, ನಾನು ತಾಲ್ಲೂಕು ಆಸ್ಪತ್ರೆ ಲ್ಯಾಬಲ್ಲೇ ಟೆಕ್ನಿಷಿಯನ್, ದಿನಾ ಇದೇ ಮಷಿನ್ ಮುಂದೆ ಕೂರ್ತೀನಿ. ಮೊದ್ಲು ಮಾಡ್ಸಿದ್ದು ಸ್ಲೈಡ್ ಟೆಸ್ಟ್ ಇರ್ಬೇಕು, ಕಫಾನ ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ಕಣ್ಣಾರೆ ಹುಡುಕೋದು. ರಾಬರ್ಟ್ ಕಾಕ್ 1882ರಲ್ಲಿ ಈ ರೋಗಾಣು ತೋರ್ಸಿದ್ದೂ ಹೀಗೆ ಬಣ್ಣ ಹಾಕಿನೇ. ಒಂದು ಎಂ.ಎಲ್. ಕಫದಲ್ಲಿ ಕಮ್ಮಿ ಅಂದ್ರೂ 5,000ದಿಂದ 10,000 ರೋಗಾಣು ಇದ್ರೇನೇ ಕಣ್ಣಿಗೆ ಬೀಳೋದು, ಅದಕ್ಕಿಂತ ಕಮ್ಮಿ ಇದ್ರೆ ನಾವು ಎಷ್ಟು ಹುಡುಕಿದ್ರೂ ನೆಗೆಟಿವ್ ಅಂತ್ಲೇ ಬರೀಬೇಕಾಗುತ್ತೆ.

ಟ್ರೂನ್ಯಾಟ್ ಅಂದ್ರೆ ಪಿಸಿಆರ್, ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡ್ತಿದ್ರಲ್ಲ ಅದೇ ಜಾತಿ. ರೋಗಾಣುವಿನ ಡಿಎನ್‌ಎ ತುಣುಕನ್ನ ಕಾಪಿ ಮೇಲೆ ಕಾಪಿ ಮಾಡಿ ಹಿಡಿಯುತ್ತೆ, ಹಂಗಾಗಿ ಎಂ.ಎಲ್.ಗೆ ನೂರರ ಆಸುಪಾಸು ಇದ್ರೂ ಸಿಕ್ಕಿಬೀಳುತ್ತೆ. ಬೆಂಗ್ಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತೆ ಗೋವಾದ ಮೋಲ್‌ಬಯೋದೋರು ಮಾಡಿರೋ ಮಷಿನ್ ಇದು, 2020ರಲ್ಲಿ ಡಬ್ಲ್ಯೂಎಚ್‌ಒ ಕೂಡ ಒಪ್ಕೊಂಡಿದೆ, ಬ್ಯಾಟ್ರಿ ಮೇಲೂ ಓಡುತ್ತೆ, ಕರೆಂಟ್ ಹೋದ್ರೂ ನಮ್ಮ ಕೆಲ್ಸ ನಿಲ್ಲಲ್ಲ. ಪಾಸಿಟಿವ್ ಬಂದ್ರೆ ಮಷಿನ್‌ಗೆ ಇನ್ನೊಂದು ಟೆಸ್ಟ್ ಚಿಪ್ ಹಾಕಿ, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಇವ್ರ ರೋಗಾಣುಗೆ ನಾಟುತ್ತಾ ಇಲ್ವಾ ನೋಡ್ತೀವಿ, ಆ ರಿಪೋರ್ಟನ್ನ ಕೇಳಿ ಇಸ್ಕೊಳ್ಳಿ, ಇಡೀ ಟ್ರೀಟ್‌ಮೆಂಟ್ ಅದ್ರ ಮೇಲೆ ನಿಂತಿರೋದು.

ಆದ್ರೆ ಮಷಿನ್ ಎಷ್ಟೇ ಒಳ್ಳೇದಾದ್ರೂ ಡಬ್ಬೀಲಿ ಬರೀ ಎಂಜಲು ಇದ್ರೆ ಏನೂ ಸಿಗಲ್ಲ, ದಯವಿಟ್ಟು ಇದನ್ನ ಅಪ್ಪಂಗೆ ಬಿಡಿಸಿ ಹೇಳಿ. ಬೆಳಿಗ್ಗೆ ಎದ್ದ ಕೂಡ್ಲೇ ನೀರಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಜೋರಾಗಿ ಉಸಿರು ಎಳ್ದು, ಎದೆ ಆಳದಿಂದ ಕೆಮ್ಮಿ ತೆಗೀಬೇಕು, ಮನೆ ಒಳಗೆ ಬೇಡ ಹೊರಗೆ ಬಯಲಲ್ಲಿ. ಮತ್ತೆ ಅವ್ರಿಗೆ ಮೊದ್ಲು ಯಾವತ್ತಾದ್ರೂ ಟಿಬಿ ಆಗಿತ್ತಾ?

ದುರ್ಗದ_ಮಗಳು:
ಹೌದು ಸರ್, ಮೂರು ವರ್ಷದ ಹಿಂದೆ ಆಗಿತ್ತು. ಆರು ತಿಂಗ್ಳು ಮಾತ್ರೆ ಕೊಟ್ಟಿದ್ರು, ಕೊನೆಕೊನೆಗೆ ಸರಿಯಾಗಿ ನುಂಗ್ಲಿಲ್ಲ ಅಂತ ಅಮ್ಮ ಈಗ ಹೇಳ್ತಿದಾರೆ.

ಲ್ಯಾಬ್‌ಕೋಟು:
ಹಂಗಾದ್ರೆ ಇದನ್ನ ಡಾಕ್ಟ್ರಿಗೂ ಲ್ಯಾಬಿಗೂ ಮೊದ್ಲೇ ಹೇಳಿ. ಪಿಸಿಆರ್‌ಗೆ ಬದುಕಿರೋ ರೋಗಾಣು ಯಾವ್ದು ಸತ್ತಿರೋದು ಯಾವ್ದು ಗೊತ್ತಾಗಲ್ಲ, ಹಳೇ ಟಿಬಿಯ ಡಿಎನ್‌ಎ ಉಳ್ಕೊಂಡಿದ್ರೂ ಕೆಲವೊಮ್ಮೆ ಪಾಸಿಟಿವ್ ಅನ್ನುತ್ತೆ, ಅದಕ್ಕೇ ಇಂಥೋರಿಗೆ ಕಲ್ಚರ್‌ಗೂ ಕಳಿಸ್ತಾರೆ, ಅಂದ್ರೆ ಕಫದಲ್ಲಿರೋ ರೋಗಾಣು ಲ್ಯಾಬಲ್ಲಿ ಬೆಳೆಯುತ್ತಾ ನೋಡೋದು, ಬದುಕಿರೋದು ಮಾತ್ರ ಬೆಳೆಯುತ್ತೆ. ಅದು ನಿಧಾನ, ದ್ರವದಲ್ಲಿ ಬೆಳೆಸೋ ಕಲ್ಚರ್ ನೆಗೆಟಿವ್ ಅನ್ನೋಕೆ 42 ದಿನ ಕಾಯ್ಬೇಕು.

ಹಾವೇರಿಯಂವ:
ತಂಗಿ, ಆ ಎರಡನೇ ಚಿಪ್ಪಿನ ಮಾತು ಹಗುರ ತಗೋಬ್ಯಾಡ. ನಮ್ಮ ಅಣ್ಣಗ 2016ರಾಗ ಟಿಬಿ ಬಂದಾಗ ರಿಫಾಂಪಿಸಿನ್ ನಾಟೂದಿಲ್ಲ ಅನ್ನೂದು ಗೊತ್ತಾಗೂದ್ರಾಗ ತಿಂಗಳುಗಟ್ಟಲೆ ಹೋತು, ಆಮ್ಯಾಲೆ ಎರಡು ವರ್ಷ ಔಷಧ, ಮೊದಲ ಕೆಲವು ತಿಂಗಳು ಕನಾಮೈಸಿನ್ ಇಂಜೆಕ್ಷನ್, ಬದುಕಿದಾ ಖರೆ ಆದ್ರ ಕಿವಿ ಹೋದವು, ಈಗೂ ನಾವು ಕೂಗಿ ಮಾತಾಡ್ಬೇಕು. ಈಗ ಅಂಥವರಿಗೆ ಬೆಡಾಕ್ವಿಲಿನ್, ಪ್ರಿಟೊಮನಿಡ್, ಲಿನೆಝೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಅಂತ ನಾಕು ಮಾತ್ರಿ, ಆರು ತಿಂಗಳ ಕೋರ್ಸು, ಇಂಜೆಕ್ಷನ್ನ ಇಲ್ಲ, 2024ರಾಗ ನಮ್ಮ ದೇಶದಾಗೂ ಒಪ್ಪಿಗಿ ಸಿಕ್ಕೈತಿ. ಎಲ್ಲಾರಿಗೂ ಹೊಂದೂದಿಲ್ಲಂತ, ಅದನ್ನ ಡಾಕ್ಟರ್ ನೋಡ್ತಾರ. ಅದಕ್ಕ ಹೆದರಬ್ಯಾಡ, ತಡಾನೂ ಮಾಡಬ್ಯಾಡ.

ದುರ್ಗದ_ಮಗಳು:
ಇವತ್ತು ರಿಪೋರ್ಟ್ ಬಂತು. ಟಿಬಿ ಪಾಸಿಟಿವ್, ರಿಫಾಂಪಿಸಿನ್ ನಾಟುತ್ತೆ ಅಂತಿದೆ. ಕಲ್ಚರ್‌ಗೂ ಕಳಿಸಿದಾರೆ, ಆದ್ರೆ ಎಕ್ಸ್‌ರೇ, ಜ್ವರ ಎಲ್ಲಾ ನೋಡಿ ಅದು ಬರೋವರ್ಗೂ ಕಾಯೋದು ಬೇಡ ಅಂತ ಮಾತ್ರೆ ಶುರು ಮಾಡಿದ್ರು. ಒಂದು ರೂಪಾಯಿ ತಗೊಂಡಿಲ್ಲ, ಊಟಕ್ಕೆ ಅಂತ ತಿಂಗ್ಳಿಗೆ 1,000 ಅಕೌಂಟಿಗೆ ಬರುತ್ತಂತೆ. ಎಲ್ಲೋ ಕೂತು ಇಷ್ಟು ಬರೆದ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಲ್ಯಾಬ್‌ಕೋಟು:
ಒಳ್ಳೇದಾಯ್ತು ಮೇಡಂ. ಅಮ್ಮಂಗೂ ಮನೇಲಿರೋ ಮಕ್ಳಿಗೂ ಒಂದ್ಸಲ ಚೆಕ್ ಮಾಡ್ಸಿಬಿಡಿ. ಇನ್ನೊಂದು, ನಾಳೆಯಿಂದ ಅಪ್ಪನ ಮೂತ್ರ ಕಿತ್ತಳೆ ಬಣ್ಣ ಆಗುತ್ತೆ, ಅದು ರಿಫಾಂಪಿಸಿನ್‌ದು, ರಕ್ತ ಅಂದ್ಕೊಂಡು ಗಾಬರಿಯಾಗಿ ಮಾತ್ರೆ ನಿಲ್ಸೋರು ಇದಾರೆ, ಇವತ್ತೇ ಹೇಳಿಡಿ.